ಚಳಿ ಮಳೆಯಲ್ಲಿ ಸೈಕಲ್ ತುಳಿದ ಮೇಲೆ ಕಾಲ್ಬೆರಳು ಬೆಳ್ಳಗಾಗಿ ಮರಗಟ್ಟುತ್ತವೆ, ಯಾಕೆ?

ಎರಡು ಗಂಟೆ ಮಳೆಯಲ್ಲಿ ಸೈಕಲ್ ತುಳಿದು ಬಂದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೊನೆಗೆ ಕೆಂಪಾಗುತ್ತವೆ, ಒಂದು ಗಂಟೆ ಕಳೆದರೂ ಮುಟ್ಟಿದ್ದು ಗೊತ್ತಾಗುವುದಿಲ್ಲ ಅಂತ ಬರೆದಿದ್ದೀರಿ. ಎರಡು ಜೊತೆ ಸಾಕ್ಸ್ ಹಾಕಿದರೂ ಹೀಗೇ ಎಂದಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಕಾಟವನ್ನು ನಾಲ್ಕು ಚಳಿಗಾಲ ಅನುಭವಿಸಿದವನು, ಅಷ್ಟೇ.

ನನಗೆ ಅನುಮಾನ ಇರುವುದು ಆ ಎರಡನೇ ಜೊತೆ ಸಾಕ್ಸ್ ಮೇಲೇ. ಚಳಿಯಾದಾಗ ದೇಹ ಹೊಟ್ಟೆ, ಎದೆಯ ಬಿಸಿ ಉಳಿಸಿಕೊಳ್ಳಲು ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅದರ ಮೇಲೆ ನಾವು ಶೂ ಒಳಗೆ ಪಾದವನ್ನು ತುರುಕಿ ಲೇಸ್ ಎಳೆದು ಕಟ್ಟಿದರೆ ಇರುವ ರಕ್ತವೂ ಓಡಾಡುವುದು ಹೇಗೆ? ನಡೆಯುವಾಗ ಪಾದ ಮಡಚುತ್ತದೆ, ಬೆರಳು ಅಲುಗಾಡುತ್ತವೆ. ಸೈಕಲ್ ಶೂನ ಗಟ್ಟಿ ಅಟ್ಟೆಯಲ್ಲಿ ಅದೂ ಇಲ್ಲ. ಸಾಲದ್ದಕ್ಕೆ ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ವೇಗವಾಗಿ ಬಿಸಿ ಎಳೆದುಕೊಳ್ಳುತ್ತದೆ. ಹಿಮವೇ ಬೀಳಬೇಕಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಲ್ಲಿ ನಿಂತ ಸೈನಿಕರ ಪಾದ ಕೆಟ್ಟಿದ್ದು ಬರೀ ಒದ್ದೆ ಮತ್ತು ಥಂಡಿಯಿಂದ.

ನಾನು ಮಾಡಿದ ಪೆದ್ದುತನ ಕೇಳಿ. ಒಂದು ದಿನ ಮನೆಗೆ ಬಂದವನೇ ಸುಡುಸುಡು ನೀರಿನ ಬಕೆಟ್‌ಗೆ ಕಾಲಿಟ್ಟೆ. ಬಿಸಿ ಗೊತ್ತೇ ಆಗಲಿಲ್ಲ, ಪಾದಕ್ಕೆ ಜೀವ ಇದ್ದರೆ ತಾನೆ! ರಾತ್ರಿ ಬೆರಳುಗಳ ಮೇಲೆ ಕೆಂಪು ಗಂಟುಗಳೆದ್ದು ವಿಪರೀತ ತುರಿಕೆ. ಇದಕ್ಕೆ ಚಿಲ್‌ಬ್ಲೇನ್ ಅನ್ನುತ್ತಾರಂತೆ. ತಣ್ಣಗಾದ ಚರ್ಮವನ್ನು ಗಡಿಬಿಡಿಯಲ್ಲಿ ಕಾಯಿಸಿದರೆ ಬರುವುದು ಜಾಸ್ತಿ. ಪೂರ್ತಿ ಇಳಿಯಲು ಎರಡು ವಾರ ಬೇಕಾಯಿತು.

ಈಗ ಮೊದಲು ಒದ್ದೆ ಸಾಕ್ಸ್ ಕಿತ್ತೆಸೆದು, ಪಾದವನ್ನು ಉಜ್ಜದೆ ಒತ್ತಿ ಒರೆಸುತ್ತೇನೆ. ಒಣ ಉಣ್ಣೆ ಸಾಕ್ಸ್ ಹಾಕಿ, ಮೈತುಂಬಾ ಹೊದ್ದು, ಬಿಸಿಯಾಗಿ ಏನಾದರೂ ಕುಡಿಯುತ್ತಾ ಬೆರಳಾಡಿಸುತ್ತೇನೆ. ನೀರು ಬೇಕೇ ಅನ್ನಿಸಿದರೆ ಉಗುರುಬೆಚ್ಚಗೆ, ಅದೂ ಮೊಣಕೈ ಅದ್ದಿ ನೋಡಿ. ಹೀಟರ್ ಮುಂದೆ ಕಾಲು ಚಾಚುವುದಿಲ್ಲ.

ಹೊರಡುವ ಮುಂಚೆ ಮಾಡುವುದೂ ಅಷ್ಟೇ ಮುಖ್ಯ. ಒಂದೇ ಜೊತೆ ಉಣ್ಣೆ ಸಾಕ್ಸ್, ಬೆರಳಾಡುವಷ್ಟು ಸಡಿಲ ಶೂ, ಶೂ ಮೇಲೊಂದು ಮಳೆಕವಚ. ಪ್ಯಾಂಟಿನ ತುದಿ ಕವಚದ ಹೊರಗಿರಲಿ, ಇಲ್ಲವಾದರೆ ನೀರು ಕಾಲಿನಿಂದ ಸೀದಾ ಒಳಗೆ ಇಳಿಯುತ್ತದೆ. ಮುಂದಿನ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಹಾಕಿಸಿ. ಪಾದ ನೆನೆಯುವುದು ಮಳೆಗಿಂತ ಆ ಚಕ್ರ ಎರಚುವ ನೀರಿಗೇ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ. ಮರಗಟ್ಟಲು ಶುರುವಾದ ಕೂಡಲೇ ಇಳಿದು ಐದು ನಿಮಿಷ ಸೈಕಲ್ ತಳ್ಳಿಕೊಂಡು ನಡೆಯಿರಿ. ಸಿಗರೇಟ್ ಅಭ್ಯಾಸ ಇದ್ದರೆ ಅದೂ ರಕ್ತನಾಳ ಬಿಗಿ ಮಾಡುತ್ತದೆ, ಗೊತ್ತಿರಲಿ.

ಆದರೆ ನೀವು ಹೇಳಿದ ಬಣ್ಣಗಳ ಸರದಿ, ಬಿಳಿ, ನೀಲಿ, ಕೊನೆಗೆ ಕೆಂಪು, ಅದು ರೇನೋ ತೊಂದರೆಯೂ ಇರಬಹುದು. 1862ರಲ್ಲಿ ಮೊರೀಸ್ ರೇನೋ ಎಂಬ ಫ್ರೆಂಚ್ ವೈದ್ಯ ಇದನ್ನು ವಿವರಿಸಿದ. ಸ್ವಲ್ಪ ಚಳಿಗೂ ರಕ್ತನಾಳ ಅತಿಯಾಗಿ ಮುದುಡುವುದು ಇದರ ಸ್ವಭಾವ. ಹೆಚ್ಚಿನವರಿಗೆ ಅಪಾಯವೇನಿಲ್ಲ, ಆದರೂ ಒಮ್ಮೆ ತೋರಿಸಿ. ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಇದನ್ನು ಜಾಸ್ತಿ ಮಾಡಬಹುದು, ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್‌ಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ, ಚರ್ಮ ಒಡೆದಿದ್ದರೆ, ಮರುದಿನವೂ ಸ್ಪರ್ಶ ಮರಳದಿದ್ದರೆ ಕಾಯಲೇಬೇಡಿ.

ಅಂದಹಾಗೆ, ಎರಡೂ ಕಾಲಿಗೆ ಹೀಗಾಗುತ್ತಾ, ಒಂದಕ್ಕೆ ಮಾತ್ರವಾ? ಅದನ್ನು ನೀವು ಬರೆದಿಲ್ಲ. ಒಂದೇ ಕಾಲಾದರೆ ಶೂ, ಸಾಕ್ಸ್ ವಿಷಯ ಪಕ್ಕಕ್ಕಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ, ಆ ಕಾಲಿನ ರಕ್ತನಾಳದಲ್ಲೇ ಅಡ್ಡಿ ಇರಬಹುದು.