ಓದುಗರ ಪ್ರಶ್ನೆ: ದೇವಯ್ಯನವರ ಮಹಾವೀರ ಚಕ್ರ ತಡವಾದದ್ದೇಕೆ?

ಪ್ರಶ್ನೆ: ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯನವರು 1965ರ ಯುದ್ಧದಲ್ಲಿಯೇ ವೀರಮರಣ ಹೊಂದಿದರೂ ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ ಎಂದು ಓದಿದೆ. ಇಷ್ಟು ವಿಳಂಬಕ್ಕೆ ಕಾರಣವೇನು?

ಉತ್ತರ: ಅವರ ಕೊನೆಯ ಕಾಳಗವನ್ನು ಕಂಡ ಭಾರತೀಯರು ಒಬ್ಬರೂ ಇರಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ.

ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರ ಡಿಸೆಂಬರ್ 24ರಂದು ಜನಿಸಿ, 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಯುದ್ಧದ ಹೊತ್ತಿಗೆ ಹಾರಾಟ ಕಲಿಸುವ ಬೋಧಕರಾಗಿದ್ದ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ, ಫ್ರೆಂಚ್ ನಿರ್ಮಿತ ಮಿಸ್ಟೇರ್ ವಿಮಾನಗಳ 1ನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ಸೆಪ್ಟೆಂಬರ್ 7ರ ನಸುಕಿನಲ್ಲಿ ಈ ಸ್ಕ್ವಾಡ್ರನ್ನಿನ ಹನ್ನೆರಡು ವಿಮಾನಗಳು ವಿಂಗ್ ಕಮಾಂಡರ್ ಓ. ಪಿ. ತನೇಜ ಅವರ ನೇತೃತ್ವದಲ್ಲಿ ಪಾಕಿಸ್ತಾನದ ಬಲಿಷ್ಠ ವಾಯುನೆಲೆಯಾದ ಸರ್ಗೋಧದ ಮೇಲೆ ದಾಳಿ ಮಾಡಬೇಕಾಗಿತ್ತು. ದೇವಯ್ಯನವರು ಆ ಹನ್ನೆರಡರಲ್ಲಿ ಒಬ್ಬರಾಗಿರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬಲು ಕಾದಿರಿಸಿದ್ದ ಪೈಲಟ್ ಅವರು; ಒಂದು ವಿಮಾನ ಹೊರಡಲಾಗದೆ ಹೋದಾಗ ಆ ಸ್ಥಾನಕ್ಕೆ ಇವರು ಹಾರಿದರು.

ಸರ್ಗೋಧ ಎಂಬುದು ಮಿಸ್ಟೇರ್‌ನ ಇಂಧನಕ್ಕೆ ಎಟಕುವ ಕಟ್ಟಕಡೆಯ ದೂರದಲ್ಲಿತ್ತು. ಶತ್ರುವಿನ ರಾಡಾರ್‌ಗೆ ಸಿಗದಂತೆ ನೆಲಕ್ಕೆ ತೀರ ಹತ್ತಿರದಲ್ಲಿ, ರೇಡಿಯೊದಲ್ಲಿ ಮಾತಾಡದೆ ಹಾರಿಹೋದ ಪೈಲಟ್‌ಗಳಿಗೆ ದಾಳಿ ಮುಗಿದ ಮೇಲೆ ಅಲ್ಲಿ ಕ್ಷಣಕಾಲ ಸುತ್ತಾಡಿ ಸಂಗಾತಿಯನ್ನು ಹುಡುಕುವ ಅವಕಾಶವೂ ಇರಲಿಲ್ಲ. ಮರಳಿ ಬಾರದ ದೇವಯ್ಯನವರ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ನೋಡಿದವರ ಸಾಕ್ಷ್ಯವಿಲ್ಲದೆ ಶೌರ್ಯ ಪ್ರಶಸ್ತಿಗೆ ಶಿಫಾರಸು ಮಾಡುವುದಾದರೂ ಹೇಗೆ?

ಆ ಸಾಕ್ಷ್ಯ ಬಂದದ್ದು ಎದುರು ಪಾಳಯದಿಂದ. ಪಾಕಿಸ್ತಾನಿ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದು 1979ರಲ್ಲಿ ಪ್ರಕಟವಾದ ಪುಸ್ತಕದಿಂದ, ಅಂದು ಪಾಕಿಸ್ತಾನಿ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಯುದ್ಧವಿಮಾನವು ಒಂದು ಮಿಸ್ಟೇರ್‌ನೊಂದಿಗಿನ ಕಾಳಗದಲ್ಲಿ ಬಿದ್ದಿತ್ತೆಂಬುದು ತಿಳಿಯಿತು. ಹಿಂದಿರುಗದಿದ್ದ ಮಿಸ್ಟೇರ್ ದೇವಯ್ಯನವರದೇ ಆದ್ದರಿಂದ ಆ ಪೈಲಟ್ ಯಾರೆಂಬ ಬಗ್ಗೆ ಸಂಶಯ ಉಳಿಯಲಿಲ್ಲ. ಸಿಡಿದ ಮಿಸ್ಟೇರ್‌ನ ಚೂರುಗಳು ತಗುಲಿ ಸ್ಟಾರ್‌ಫೈಟರ್ ಬಿದ್ದಿತೆಂಬ ವಿವರಣೆಯೂ ಪಾಕಿಸ್ತಾನದ ಕಡೆಯಿಂದ ಇದೆ. ಆದರೆ ಎರಡು ವಿಮಾನಗಳ ಸಾಮರ್ಥ್ಯದ ನಡುವಿನ ಅಂತರವನ್ನು ನೆನೆದರೆ, ದೇವಯ್ಯನವರು ತಿರುಗಿ ನಿಂತು ಕಾದಿದ್ದೇ ಅಸಾಧಾರಣವೆಂದು ನನಗೆ ತೋರುತ್ತದೆ. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಕ್ಷಿಪಣಿಗಳನ್ನು ಹೊತ್ತ ವಿಮಾನ. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟಲಾರದ್ದು, ವಿಮಾನದ ಎದುರು ಅದರ ಆಯುಧವೆಂದರೆ ಎರಡು ಫಿರಂಗಿಗಳು ಮಾತ್ರ. ಓಡಿ ತಪ್ಪಿಸಿಕೊಳ್ಳುವಷ್ಟು ವೇಗವೂ ದೀರ್ಘಕಾಲ ಕಾದಾಡುವಷ್ಟು ಇಂಧನವೂ ಇಲ್ಲದ ಸ್ಥಿತಿಯಲ್ಲಿ ಅವರು ಹೋರಾಟವನ್ನು ಆರಿಸಿಕೊಂಡರು.

ಈ ವಿವರಗಳು ಭಾರತಕ್ಕೆ ತಲುಪಿದ ಮೇಲೆ ತನೇಜ ಅವರು ಪ್ರಶಸ್ತಿಗಾಗಿ ಶಿಫಾರಸು ಮಾಡಿದರು. 1988ರಲ್ಲಿ, ಯುದ್ಧ ಮುಗಿದು 23 ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರವನ್ನು ದೇವಯ್ಯನವರ ಪತ್ನಿ ಸ್ವೀಕರಿಸಿದರು.

ಪ್ರಶ್ನೆ: ಅಮ್ಜದ್ ಹುಸೇನ್ ಬದುಕಿ ಉಳಿದರೇ?

ಉತ್ತರ: ಹೌದು, ಅವರು ಪ್ಯಾರಾಶೂಟ್ ಮೂಲಕ ಇಳಿದು ಪಾರಾದರು ಮತ್ತು ಅವರ ದೇಶ ಅವರಿಗೆ ಸಿತಾರಾ-ಎ-ಜುರತ್ ಪದಕ ನೀಡಿತು. 1971ರ ಯುದ್ಧದಲ್ಲಿ ಅಮೃತಸರದ ಬಳಿ ಅವರ ಸ್ಟಾರ್‌ಫೈಟರ್ ಅನ್ನು ಭಾರತದ ವಿಮಾನವಿರೋಧಿ ತೋಪುಗಳು ಹೊಡೆದುರುಳಿಸಿದವು; ಆಗಲೂ ಹೊರಜಿಗಿದು ಬದುಕಿಕೊಂಡ ಅವರು ಭಾರತದಲ್ಲಿ ಯುದ್ಧಕೈದಿಯಾಗಿದ್ದು ನಂತರ ಸ್ವದೇಶಕ್ಕೆ ಮರಳಿದರು.