ಕುಂಡದ ಹೂವಿಗೆ ಶಾಯಿಯ ಬಣ್ಣ ಯಾಕೆ ಬರಲಿಲ್ಲ?

ಕತ್ತರಿಸಿದ ಬಿಳಿ ಹೂವು ಶಾಯಿ ನೀರಿನಲ್ಲಿ ನೀಲಿಯಾಯಿತು, ಅದೇ ನೀರು ಹಾಕಿದ ಕುಂಡದ ಗಿಡದಲ್ಲಿ ಯಾಕೆ ಏನೂ ಆಗಲಿಲ್ಲ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಇರುವುದು ಬೇರಿನಲ್ಲಿ. ಕತ್ತರಿಸಿದ ದಂಟಿನಲ್ಲಿ ನೀರು ಏರುವ ಕ್ಸೈಲಂ ನಾಳಗಳು ಬಾಯಿ ತೆರೆದಿರುತ್ತವೆ. ಎಲೆ, ಎಸಳುಗಳಿಂದ ನೀರು ಆವಿಯಾದಂತೆ ಬಣ್ಣವೂ ಅದರ ಜೊತೆಗೇ ಮೇಲೇರುತ್ತದೆ. ಬೇರಿನ ಒಳಗೆ ಹಾಗಲ್ಲ. ಅಲ್ಲಿ ಮೇಣದಂಥ ಪಟ್ಟಿಯಿರುವ ಜೀವಕೋಶಗಳ ಒಂದು ಪದರ ಇದೆ. ನೀರು ಜೀವಕೋಶದ ಪೊರೆ ದಾಟಿಯೇ ಒಳಗೆ ಹೋಗಬೇಕು. ಬಣ್ಣದ ದೊಡ್ಡ ಅಣುಗಳು ಹೆಚ್ಚಾಗಿ ಅಲ್ಲೇ ನಿಲ್ಲುತ್ತವೆ. ಸ್ವಲ್ಪ ಬಣ್ಣ ಮಣ್ಣಿಗೂ ಅಂಟಿಕೊಳ್ಳುತ್ತದೆ.

ನಾಲ್ಕು ಹನಿ ಶಾಯಿಗೆ ಗಿಡ ಸಾಯುವುದಿಲ್ಲ, ಗಾಬರಿ ಬೇಡ. ಆದರೆ ಮುಂದೆ ಉಪ್ಪುನೀರು ಹಾಕುತ್ತೇನೆ ಅಂದಿದ್ದೀರಲ್ಲ, ದಯವಿಟ್ಟು ಈ ಗಿಡಕ್ಕೆ ಬೇಡ. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ನೀರಿದ್ದರೂ ಬೇರಿಗೆ ಹೀರಲಾಗುವುದಿಲ್ಲ, ಎಲೆಯಂಚು ಸುಟ್ಟಂತಾಗುತ್ತದೆ.