ಸೋಯಾ ಮಾತ್ರ ಹುರಿಯಿರಿ, ಹುರಳಿ-ಕಡಲೆ ಒಡೆದು ಹಾಕಿದರೆ ಸಾಕು

ರೋಣದ ಕಡೆಯಿಂದ ಕೇಳಿದ್ದೀರಿ: ನಾಲ್ಕು ತಿಂಗಳ ಟಗರುಮರಿಗಳಿಗೆ ಹುರಳಿ, ಕಡಲೆ, ಸೋಯಾ ಮೂರನ್ನೂ ಕೆಂಪಗೆ ಹುರಿದು ಹಾಕಿದರೆ ತೂಕ ಬೇಗ ಬರುತ್ತದೆಯೇ ಎಂದು. ಆ ‘ಕೆಂಪಗೆ’ ಅನ್ನೋದರಲ್ಲೇ ನಾನೂ ಕೆಟ್ಟದ್ದು.

ನಮ್ಮದು ಕಲಘಟಗಿ ಕಡೆ, ಸೋಯಾ ಹೊಲದಲ್ಲೇ ಬೆಳೆಯುತ್ತದೆ. 40 ಕಿಲೋ ಕಾಳು ಚುರುಮರಿ ಭಟ್ಟಿಗೆ ಒಯ್ದು ಬಿಸಿ ಉಸುಕಿನಲ್ಲಿ ಹುರಿಸಿದೆ. ಹುರಿದದ್ದು ಹದವಾಗಿಯೇ ಇತ್ತು. ಸುಡುಸುಡು ಇರುವಾಗಲೇ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ರಾತ್ರಿಯಿಡೀ ಬಿಟ್ಟೆ. ತಪ್ಪಿದ್ದು ಅಲ್ಲೇ. ಬೆಳಿಗ್ಗೆ ಚೀಲದ ನಡುವಿನ ಕಾಳು ಸೀಳಿ ನೋಡಿದರೆ ಕಾಫಿಪುಡಿ ಬಣ್ಣ. ಮರಿಗಳು ಆಸೆಪಟ್ಟು ತಿಂದವು, ತಿಂಗಳು ಕಳೆದರೂ ತಕ್ಕಡಿಯಲ್ಲಿ ಏರಿಕೆ ಕಾಣಲಿಲ್ಲ.

ಕಾರಣ ಇಷ್ಟು. ಹದವಾದ ಕಾವಿಗೆ ಸೋಯಾದಲ್ಲಿರುವ, ಟ್ರಿಪ್ಸಿನ್ (ಕರುಳಿನಲ್ಲಿ ಪ್ರೊಟೀನು ಜೀರ್ಣಿಸುವ ಕಿಣ್ವ) ತಡೆಯುವ ಅಂಶ ಸಾಯುತ್ತದೆ, ಯೂರಿಯಾವನ್ನು ಅಮೋನಿಯಾ ಮಾಡುವ ಯೂರಿಯೇಸ್ ಎಂಬ ಕಿಣ್ವವೂ ಸಾಯುತ್ತದೆ. ಪ್ರೊಟೀನು ಬಿಗಿದುಕೊಳ್ಳುತ್ತದೆ, ಮೊದಲ ಹೊಟ್ಟೆಯಲ್ಲಿ (ರೂಮೆನ್) ಸೂಕ್ಷ್ಮಜೀವಿಗಳು ಅದನ್ನು ಪೂರ್ತಿ ಒಡೆದು ಅಮೋನಿಯಾ ಮಾಡುವ ಮೊದಲೇ ಒಂದಿಷ್ಟು ಪಾಲು ಕರುಳಿಗೆ ದಾಟುತ್ತದೆ. ಬೆಳೆಯುವ ಮರಿಗೆ ಬೇಕಾದದ್ದು ಅದೇ. ಕಾವು ಮೀರಿದರೆ ಮಾತ್ರ ಪ್ರೊಟೀನಿನ ಮುಖ್ಯ ಅಂಶವಾದ ಲೈಸಿನ್ ಕಾಳಿನೊಳಗಿನ ಸಕ್ಕರೆಗೆ ಅಂಟಿ ಕೂರುತ್ತದೆ. ಆಮೇಲೆ ಅದು ರೂಮೆನ್‌ನಲ್ಲೂ ಒಡೆಯುವುದಿಲ್ಲ, ಕರುಳಿನಲ್ಲೂ ಜೀರ್ಣವಾಗುವುದಿಲ್ಲ, ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಒಲೆಯಿಂದ ಇಳಿಸಿದ ಮೇಲೂ ಈ ಕ್ರಿಯೆ ನಿಲ್ಲುವುದಿಲ್ಲ. ಚೀಲದ ನಡುವೆ ಗಾಳಿಯಿಲ್ಲ, ಕಾವು ಆರುವುದಿಲ್ಲ, ಕಾಳು ತಾನೇ ಬೇಯುತ್ತಾ ಹೋಗುತ್ತದೆ. ಬಾಯಿಯ ಹತ್ತಿರ ಆವಿ ನೀರಾಗಿ ಬೂಸ್ಟು ಹಿಡಿಯುವುದು ಇನ್ನೊಂದು ನಷ್ಟ.

ಕಾಳಿನ ಕಾವು 140–145 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ, ರಾಶಿ ಹಾಕಿ ಅರ್ಧ ತಾಸು ಮುಚ್ಚಿಡಿ. ಗಡಿಯಾರ ನೋಡಿ ಅರ್ಧ ತಾಸು. ಕೂಡಲೇ ತಾಡಪತ್ರಿಯ ಮೇಲೆ ಎರಡು ಬೆರಳಿಗಿಂತ ತೆಳ್ಳಗೆ ಹರಡಿ ಪೂರ್ತಿ ಆರಿಸಿ. ಸೀಳಿದ ಕಾಳು ಒಳಗೂ ಹೊರಗೂ ತಿಳಿ ಹೊಂಬಣ್ಣ ಇರಬೇಕು, ಶೇಂಗಾ ಹುರಿದಂಥ ವಾಸನೆ ಬರಬೇಕು. ಹಸಿ ಉಳಿದಿದೆಯೋ ಎಂಬ ಅನುಮಾನ ಬಂದರೆ ಪುಡಿ ಮಾಡಿದ ಕಾಳಿಗೆ ಒಂದು ಚಮಚ ಯೂರಿಯಾ, ಸ್ವಲ್ಪ ಉಗುರುಬೆಚ್ಚನೆ ನೀರು ಹಾಕಿ ಬಾಟಲಿಯಲ್ಲಿ ಮುಚ್ಚಿಡಿ. ಅರ್ಧ ತಾಸಿಗೆ ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಯೂರಿಯೇಸ್ ಇನ್ನೂ ಜೀವಂತ ಇದೆ. ಆ ಕಾಳನ್ನು ಯೂರಿಯಾ ಬೆರೆತ ಮೇವಿನ ಹತ್ತಿರವೂ ಒಯ್ಯಬೇಡಿ. ಪರೀಕ್ಷೆ ಮಾಡಿದ್ದನ್ನು ಮರಿಗಳ ಬಾಯಿಗೆ ಸಿಗದಂತೆ ಚೆಲ್ಲಿ.

ಹುರಳಿ-ಕಡಲೆ ಹುರಿಯಲು ಕಟ್ಟಿಗೆ ಸುಡುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ತಿಂಗಳ ಮರಿಯ ರೂಮೆನ್ ಕೆಲಸ ಮಾಡುತ್ತಿರುತ್ತದೆ, ಹಸಿಕಾಳಿನ ದೋಷ ಬಹಳಷ್ಟು ಅಲ್ಲೇ ಅಳಿಯುತ್ತದೆ. ಗಿರಣಿಯಲ್ಲಿ ಎರಡು-ಮೂರು ಹೋಳಾಗಿ ಒಡೆಸಿ, ಹಿಟ್ಟು ಮಾಡಿಸಬೇಡಿ. ಹುರಿದ ಸೋಯಾನೂ ಹಾಗೇ: ಹಿಟ್ಟಾದರೆ ರೂಮೆನ್‌ನಲ್ಲಿ ಬೇಗ ಕರಗಿ ಹುರಿದದ್ದೇ ದಂಡ, ಮೇಲೆ ಎಣ್ಣೆಯೂ ಬೇಗ ಕಮಟು ಹಿಡಿಯುತ್ತದೆ. ಹುರಳಿ ಬೇಯಿಸುವ ರೂಢಿ ಇದ್ದರೆ ಕಟ್ಟು ಚೆಲ್ಲದೆ ಕುಡಿಸಿ, ಅದೇ ದಿನ ಮುಗಿಸಿ.

100 ಕಿಲೋ ಮಿಶ್ರಣಕ್ಕೆ ಗೋವಿನಜೋಳದ ನುಚ್ಚು 50, ಹುರಿದ ಸೋಯಾ 15, ಹುರಳಿ ನುಚ್ಚು 10, ಗೋಧಿ ಭೂಸಾ 22, ಖನಿಜ ಮಿಶ್ರಣ 2, ಉಪ್ಪು 1. ಪ್ರೊಟೀನು ಸುಮಾರು 16% ಬರುತ್ತದೆ. ಗೋವಿನಜೋಳ ಕಡಿಮೆ ಮಾಡಿ ಸೋಯಾ ಏರಿಸಬೇಡಿ. ಶಕ್ತಿ ಸಾಲದಿದ್ದರೆ ಪ್ರೊಟೀನು ಮಾಂಸವಾಗದೆ ಸುಟ್ಟುಹೋಗುತ್ತದೆ, ಸೋಯಾದ ಎಣ್ಣೆ ಹೆಚ್ಚಾದರೆ ನಾರು ಜೀರ್ಣವಾಗುವುದಿಲ್ಲ. 20 ಕಿಲೋ ಮರಿಗೆ ದಿನಕ್ಕೆ 250–300 ಗ್ರಾಂ, ಎರಡು ಹೊತ್ತಿಗೆ ಹಂಚಿ. ಜೊತೆಗೆ ಶೇಂಗಾ ಹೊಟ್ಟು ಅಥವಾ ಕಡಲೆ ಹೊಟ್ಟು ಹೊಟ್ಟೆ ತುಂಬ ಇರಲಿ. ಮೊದಲ ದಿನ 50 ಗ್ರಾಂ ಕೊಟ್ಟು ಹತ್ತು-ಹದಿನೈದು ದಿನಗಳಲ್ಲಿ ಏರಿಸಿ, ಅದಕ್ಕೂ ಮುಂಚೆ ಕರುಳುಬೇನೆಯ (ಇ.ಟಿ.) ಲಸಿಕೆ ಹಾಕಿಸಿರಿ. ಒಮ್ಮೆಲೇ ಕಾಳು ಸುರಿದರೆ ಈ ಬೇನೆಗೆ ಮೊದಲು ಸಾಯುವುದು ಹಿಂಡಿನ ದಷ್ಟಪುಷ್ಟ ಮರಿಯೇ.